ಬೀರೂರು ಜಂಕ್ಷನ್ನಿನಲ್ಲಿ ಅನ್ನಾ ಕರೆನಿನಾ

ಸಾಹಿತ್ಯದ ವಿಷಯದಲ್ಲಿ ಮಾತನಾಡುವ ಅಧಿಕಾರವು ಇಬ್ಬರಿಗೆ ಮಾತ್ರ ಸಲ್ಲುವುದೆಂದು ಲೋಕವು ಬಹುಕಾಲದಿಂದ ನಂಬಿಕೊಂಡು ಬಂದಿದೆ: ಬರೆಯುವವರು ಒಬ್ಬರು, ಬರೆದುದನ್ನು ಕುರಿತು ಬರೆಯುವವರು ಇನ್ನೊಬ್ಬರು. ಇವರಿಬ್ಬರ ನಡುವೆ, ಹಣ ಕೊಟ್ಟೋ ಎರವಲು ತಂದೋ ಪುಸ್ತಕವೊಂದನ್ನು ಹಿಡಿದು ಕುಳಿತು, ಊಟಕ್ಕೆ ಕರೆ ಬಂದೊಡನೆ ಬಸ್ಸಿನ ಚೀಟಿಯನ್ನು ಗುರುತಿಗಿಟ್ಟು ಮಡಚಿ, ಮರುದಿನ ಆ ಚೀಟಿ ಉದುರಿಹೋಗಿದ್ದುದರಿಂದ ಅಂದಾಜಿನ ಮೇಲೆ ಮುಂದುವರಿಸುವ ಮೂರನೆಯ ವರ್ಗವೊಂದು ಉಂಟೆಂಬುದನ್ನು ಸಾಹಿತ್ಯ ಚರಿತ್ರಕಾರರು ಎಲ್ಲಿಯೂ ಪ್ರಸ್ತಾಪಿಸಿದಂತೆ ಕಾಣೆ. ನಾನು ಆ ವರ್ಗಕ್ಕೆ ಸೇರಿದವನು. ನನ್ನ ಅಭಿಪ್ರಾಯಗಳಿಗೆ ಪಾಂಡಿತ್ಯದ ಬೆಂಬಲವಾಗಲಿ ಶಾಸ್ತ್ರದ ಆಧಾರವಾಗಲಿ ಇಲ್ಲವಾದ ಕಾರಣ ಅವು ಅತ್ಯಂತ ದೃಢವಾಗಿವೆ.

ಉದ್ಯೋಗನಿಮಿತ್ತವಾಗಿ ನನ್ನ ಆಯುಷ್ಯದ ಬಹುಭಾಗವು ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಕಳೆಯಿತು. ಕಡೂರು ಬಯಲುಸೀಮೆ, ಅಲ್ಲಿಗೆ ಮಳೆಯು ಮೊದಲು ವದಂತಿಯ ರೂಪದಲ್ಲಿ ಬಂದು, ಅನೇಕ ವರ್ಷಗಳಲ್ಲಿ ವದಂತಿಯಾಗಿಯೇ ಉಳಿದುಬಿಡುತ್ತದೆ. ತರೀಕೆರೆಗೆ ಕೆಮ್ಮಣ್ಣುಗುಂಡಿಯ ಬೆಟ್ಟಸಾಲು ನೆರೆಯಾದುದರಿಂದ ಅಲ್ಲಿನವರು ಕೊಡೆಯನ್ನು ಅಲಂಕಾರಕ್ಕಾಗಿ ಅಲ್ಲ, ನಿಜವಾಗಿಯೂ ಉಪಯೋಗಿಸುತ್ತಾರೆ. ಅಜ್ಜಂಪುರವು ಈರುಳ್ಳಿಗೂ ಅಮೃತಮಹಲ್ ದನಗಳಿಗೂ ಹೆಸರಾದ ಊರು. ರೈಲಿನಲ್ಲಿ ಸಂಚರಿಸುವವರಿಗೆ ಈ ಮೂರು ಊರುಗಳ ನಡುವಿನ ಗಂಟು ಬೀರೂರು ಜಂಕ್ಷನ್. ಹುಬ್ಬಳ್ಳಿಯ ಹಾದಿ ಅಲ್ಲಿಂದ ಅಜ್ಜಂಪುರದ ಕಡೆಗೂ, ಶಿವಮೊಗ್ಗೆಯ ಹಾದಿ ತರೀಕೆರೆಯ ಕಡೆಗೂ ಕವಲೊಡೆಯುತ್ತವೆ. ಒಂದು ಗಾಡಿಯಿಂದ ಇಳಿದು ಇನ್ನೊಂದಕ್ಕಾಗಿ ಕಾಯುವ ಅವಧಿಯು ವೇಳಾಪಟ್ಟಿಯಲ್ಲಿ ನಮೂದಾದುದಕ್ಕಿಂತ ಸದಾ ದೀರ್ಘವಾಗಿರುತ್ತಿದ್ದುದರಿಂದ, ವಿಶ್ವಸಾಹಿತ್ಯದೊಡನೆ ನನಗಾದ ಪರಿಚಯದ ಮುಕ್ಕಾಲು ಪಾಲು ಬೀರೂರಿನ ಸಿಮೆಂಟು ಬೆಂಚಿನ ಮೇಲೆಯೇ ಆಯಿತು.

ಇದರಿಂದ ಒಂದು ವಿಚಿತ್ರ ಪರಿಣಾಮವುಂಟಾಯಿತು. ಟಾಲ್‌ಸ್ಟಾಯ್ ಮಹಾಶಯನು ತನ್ನ ಅನ್ನಾ ಕರೆನಿನಾಳನ್ನು ಮಾಸ್ಕೋ ನಗರದ ಹತ್ತಿರದ ಒಬಿರಾಲೋವ್ಕಾ ಎಂಬ ನಿಲ್ದಾಣದಲ್ಲಿ ಗೂಡ್ಸ್ ಗಾಡಿಯೊಂದರ ಕೆಳಗೆ ಬೀಳಿಸಿದ್ದಾನೆಂಬುದು ಪುಸ್ತಕದ ಮಟ್ಟಿಗೆ ನಿಜ. ಆದರೆ ನನ್ನ ಮಟ್ಟಿಗೆ ಆ ದುರಂತವು ನಡೆದದ್ದು ಬೀರೂರಿನಲ್ಲಿ, ಪ್ಲಾಟ್‌ಫಾರ್ಮಿನ ತುದಿಯಲ್ಲಿ ನೀರಿನ ಕೊಳಾಯಿಯಿರುವ ಕಡೆ. ಗೂಡ್ಸ್ ಗಾಡಿಗಳಿಗೆ ಬೀರೂರಿನಲ್ಲಿ ಎಂದೂ ಕೊರತೆಯಿಲ್ಲದುದರಿಂದ ಕಥೆಯು ಸಲೀಸಾಗಿ ಒಪ್ಪಿತು. ಕಾದಂಬರಿಯಲ್ಲಿ ಬೇರೆಡೆ ಬರುವ ಹಿಮ ಮಾತ್ರ ತುಸು ತೊಡಕಾಯಿತು. ಅದನ್ನು ಡಿಸೆಂಬರಿನ ಬೆಳಗಿನ ಇಬ್ಬನಿಯಿಂದ ಸರಿದೂಗಿಸಿಕೊಂಡೆ. 1935ರಲ್ಲಿ ಗ್ರೆಟಾ ಗಾರ್ಬೋ ಎಂಬ ಮಹಾನಟಿಯು ಇದೇ ಪಾತ್ರವನ್ನು ಹಾಲಿವುಡ್ಡಿನಲ್ಲಿ ಅಭಿನಯಿಸಿದ್ದಾಳೆ. ಆ ಚಿತ್ರವನ್ನು ನಾನು ಬಹಳ ವರ್ಷಗಳ ತರುವಾಯ ನೋಡಿದೆನು. ನಟಿಯ ಪ್ರತಿಭೆಯ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ನಿಲ್ದಾಣವು ಎಳ್ಳಷ್ಟೂ ಬೀರೂರಿನಂತಿರಲಿಲ್ಲವಾಗಿ ಚಿತ್ರವು ಮೂಲಕ್ಕೆ ನಿಷ್ಠವಾಗಿಲ್ಲವೆಂದು ನಿರ್ಧರಿಸಿ ಎದ್ದುಬಂದೆ.

ಅನಂತಮೂರ್ತಿಯವರ ‘ಸಂಸ್ಕಾರ’ದ ಗತಿಯೂ ಹೀಗೆಯೇ ಆಯಿತು. ದೂರ್ವಾಸಪುರವೆಂಬ ಆ ಅಗ್ರಹಾರವು ತುಂಗಾತೀರದ ಮಲೆನಾಡಿನಲ್ಲಿದೆಯೆಂದು ಲೇಖಕರು ಸ್ಪಷ್ಟವಾಗಿ ಹೇಳಿದ್ದರೂ, ನಾನು ಅದನ್ನು ಓದುವಾಗ ಕಡೂರಿನಲ್ಲಿದ್ದೆನಾದ್ದರಿಂದ ಪ್ರಾಣೇಶಾಚಾರ್ಯರು ಹುಣಿಸೆಮರದ ನೆರಳಿನಲ್ಲಿ, ತೆಂಗಿನ ತೋಟದ ಬದುವಿನಲ್ಲಿ, ಬೆವರೊರೆಸಿಕೊಳ್ಳುತ್ತ ಧರ್ಮಸೂಕ್ಷ್ಮವನ್ನು ಚಿಂತಿಸಿದರು. ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ತೆರೆಗೆ ತಂದ ಚಿತ್ರದಲ್ಲಿ ಅದೇ ಆಚಾರ್ಯರು ಕಾಡಿನ ಹಸುರಿನ ನಡುವೆ ನಡೆಯುವುದನ್ನು ಕಂಡಾಗ, ಇವರಿಗೆ ವರ್ಗವಾಯಿತೆ ಎಂದು ನನಗೆ ಅನಿಸಿದ್ದುಂಟು.

ನಾನು ಸಾಧಿಸಹೊರಟ ಪ್ರಮೇಯವು ಇಷ್ಟೆ: ಕಾದಂಬರಿಯೊಂದನ್ನು ಓದುವ ಪ್ರತಿಯೊಬ್ಬನೂ ಅದನ್ನು ಆಗಲೇ ಚಲನಚಿತ್ರ ಮಾಡಿ ಮುಗಿಸಿರುತ್ತಾನೆ. ಅವನಿಗೆ ಬಂಡವಾಳ ಬೇಡ, ಸೆನ್ಸಾರ್ ಮಂಡಳಿಯ ಕಾಟವಿಲ್ಲ, ನಾಯಕಿಯ ಕಾಲ್‌ಷೀಟಿಗಾಗಿ ಕಾಯಬೇಕಾದುದಿಲ್ಲ. ಆಮೇಲೆ ತಡವಾಗಿ ಬರುವ ನಿರ್ದೇಶಕನು ಕೂಡ ನಮ್ಮಂತೆಯೇ ಒಬ್ಬ ಓದುಗನು. ಅವನ ಕೈಯಲ್ಲಿ ದುಡ್ಡಿದೆ, ನಮ್ಮ ಕೈಯಲ್ಲಿಲ್ಲ, ವ್ಯತ್ಯಾಸವೆಂದರೆ ಅಷ್ಟೆ. ‘ಪುಸ್ತಕದ ಹಾಗಿಲ್ಲ’ ಎಂದು ಚಿತ್ರಮಂದಿರದ ಬಾಗಿಲಲ್ಲಿ ಗೊಣಗುವವನು ವಾಸ್ತವವಾಗಿ ‘ನಾನು ಮಾಡಿದ ಹಾಗಿಲ್ಲ’ ಎಂದೇ ಗೊಣಗುತ್ತಿರುತ್ತಾನೆ.

ತ.ರಾ.ಸು. ಅವರ ‘ನಾಗರಹಾವು’ ವಿಷಯದಲ್ಲಿ ನನಗಿರುವ ತಕರಾರು ಇಂಥದೇ. ಚಿತ್ರದುರ್ಗವು ಅಜ್ಜಂಪುರಕ್ಕೆ ನೆರೆಸೀಮೆಯಾದುದರಿಂದ ದುರ್ಗದ ಕಥೆಗಳೆಲ್ಲ ತಮ್ಮವೇ ಎಂಬ ಅಭಿಮಾನ ಅಲ್ಲಿನವರಿಗೆ ಸಹಜವಾಗಿಯೇ ಇದೆ. ನನಗೂ ಅದು ಅಂಟಿಕೊಂಡಿತು. ನನ್ನ ರಾಮಾಚಾರಿಯು ತೆಳ್ಳಗೆ, ಕಪ್ಪಗೆ, ಮೊಣಕೈ ಹರಿದ ಅಂಗಿ ತೊಟ್ಟು, ಅಮೃತಮಹಲ್ ಕಾವಲಿನ ಬೇಲಿಯ ಮೇಲೆ ಕುಳಿತು ಹೋಗಿಬರುವವರನ್ನು ದುರುಗುಟ್ಟಿ ನೋಡುವ ಹುಡುಗ. 1972ರಲ್ಲಿ ಪುಟ್ಟಣ್ಣ ಕಣಗಾಲರು ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಕೂಡಿಸಿ ಒಂದು ಚಿತ್ರ ಮಾಡಿದರು. ವಿಷ್ಣುವರ್ಧನರು ರಾಮಾಚಾರಿಯಾಗಿ ತೆರೆಯ ಮೇಲೆ ಕಾಣಿಸಿಕೊಂಡ ಕ್ಷಣದಿಂದ ನನ್ನ ಬೇಲಿಯ ಮೇಲಿನ ಹುಡುಗ ಮಾಯವಾದನು. ಚಿತ್ರದ ಮುಖವೆಂಬುದು ಬಾಡಿಗೆಗೆಂದು ಬಂದು ಮನೆಯನ್ನೇ ಸ್ವಂತ ಮಾಡಿಕೊಳ್ಳುವ ಒಕ್ಕಲಿನಂಥದು. ಒಮ್ಮೆ ಒಳಹೊಕ್ಕರೆ ಯಾವ ನ್ಯಾಯಾಲಯವೂ ಎಬ್ಬಿಸಲಾರದು. ಈಗ ಕಾದಂಬರಿಯನ್ನು ಎಷ್ಟು ಸಲ ತೆರೆದರೂ ವಿಷ್ಣುವರ್ಧನರೇ ಕೋಟೆಯ ಕಲ್ಲಿನ ಮೇಲೆ ನಿಂತಿರುತ್ತಾರೆ. ಮೂಲ ಲೇಖಕರಿಗೇ ಚಿತ್ರವು ಹಿಡಿಸದೆ, ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ನೊಂದುಕೊಂಡರೆಂಬ ಮಾತು ಚಿತ್ರರಸಿಕರಲ್ಲಿ ಇಂದಿಗೂ ಪ್ರಚಲಿತವಾಗಿದೆ. ಹಾಗೆಂದು ಲಾಭವೇ ಇಲ್ಲವೆನ್ನಲಾರೆ. ಚಾಮಯ್ಯ ಮೇಷ್ಟರನ್ನು ನಾನು ಓದುವಾಗ ಸರಿಯಾಗಿ ಗಮನಿಸಿಯೇ ಇರಲಿಲ್ಲ, ಕೆ. ಎಸ್. ಅಶ್ವತ್ಥರು ಬಂದು ಆ ಖಾಲಿ ಕುರ್ಚಿಯಲ್ಲಿ ಕುಳಿತರು, ಇಂದಿಗೂ ಕುಳಿತಿದ್ದಾರೆ, ಕುಳಿತಿರಲಿ.

ಪುಸ್ತಕವು ಕೊಡಲಾರದುದನ್ನು ಚಿತ್ರವು ಕೊಡುವ ಸಂದರ್ಭವೊಂದುಂಟು, ಅದು ಸಂಗೀತದ್ದು. ಸಂಗೀತಗಾರನನ್ನು ಕುರಿತ ಕಾದಂಬರಿಯನ್ನು ಓದುವಾಗ ನನ್ನಂಥವನ ಕಷ್ಟವನ್ನು ಊಹಿಸಿರಿ. ಲೇಖಕನು ನಾಯಕನ ಗಾನವು ಶ್ರೋತೃಗಳನ್ನು ದಿವ್ಯಲೋಕಕ್ಕೆ ಒಯ್ಯಿತೆಂದು ಬರೆಯುತ್ತಾನೆ. ನನ್ನ ಕಿವಿಯಲ್ಲಿ ಆಗ ಕೇಳುತ್ತಿರುವುದು ಬೀರೂರಿನ ಚಹಾ ಮಾರುವವನ ಕೂಗು. ಅನಕೃ ಅವರ ‘ಸಂಧ್ಯಾರಾಗ’ವು 1966ರಲ್ಲಿ ಚಿತ್ರವಾದಾಗ ಅದಕ್ಕೆ ಭೀಮಸೇನ ಜೋಶಿಯವರು ಹಾಡಿದರು. ತ.ರಾ.ಸು. ಅವರ ‘ಹಂಸಗೀತೆ’ಯು 1956ರಲ್ಲೇ ‘ಬಸಂತ್ ಬಹಾರ್’ ಎಂಬ ಹಿಂದಿ ಚಿತ್ರವಾಗಿತ್ತಷ್ಟೆ; ಅಲ್ಲಿಯೂ ಭೀಮಸೇನ ಜೋಶಿಯವರ ಕಂಠವುಂಟು. ಕಾದಂಬರಿಯ ನಾಯಕನಾದ ದುರ್ಗದ ಭೈರವಿ ವೆಂಕಟಸುಬ್ಬಯ್ಯನು ಗದುಗಿನ ಜೋಶಿಯವರ ಗಂಟಲ ಜೊತೆಯಲ್ಲಿ ಬೊಂಬಾಯಿ ಸೇರಿದ ಈ ಪ್ರಯಾಣವನ್ನು ನೆನೆದರೆ, ಕಥೆಯೊಂದು ಬೇರೆ ವೇಷ ತೊಡುವುದರಲ್ಲಿ ಅಪಚಾರವಿಲ್ಲವೆಂದು ಒಪ್ಪಬೇಕಾಗುತ್ತದೆ. ಜಿ. ವಿ. ಅಯ್ಯರ್ ಅವರು 1975ರಲ್ಲಿ ಅದನ್ನೇ ಕನ್ನಡದಲ್ಲಿ ಮಾಡಿದರು. ಅನಂತನಾಗ್ ನಾಯಕ, ಸಂಗೀತ ಬಾಲಮುರಳಿಕೃಷ್ಣರದು. ಅಲ್ಲಿ ನನ್ನ ತಕರಾರೇನೂ ಇಲ್ಲ.

ಲೇಖಕರ ಸಂಕಟವನ್ನು ಹೇಳುವಾಗ ಆರ್. ಕೆ. ನಾರಾಯಣರನ್ನು ಬಿಡಲಾಗದು. ಅವರ ‘ಗೈಡ್’ ಕಾದಂಬರಿಯು 1965ರಲ್ಲಿ ಹಿಂದಿ ಚಿತ್ರವಾದಾಗ ಮಾಲ್ಗುಡಿಯು ಏಕಾಏಕಿ ರಾಜಸ್ಥಾನಕ್ಕೆ ವಲಸೆಹೋಯಿತು. ದಕ್ಷಿಣದ ಸಾಮಾನ್ಯ ಪಟ್ಟಣವೊಂದನ್ನು ಕಲ್ಪಿಸಿದವರಿಗೆ ಅರಮನೆ ಸರೋವರಗಳನ್ನು ತೋರಿಸಿದರೆ ಹೇಗಾದೀತು! ಅವರು ಈ ಅನುಭವವನ್ನು ಕುರಿತು ಒಂದು ಪ್ರಬಂಧವನ್ನೇ ಬರೆದು ಮನಸ್ಸನ್ನು ಹಗುರ ಮಾಡಿಕೊಂಡರು. ಚಿತ್ರವು ಪ್ರಚಂಡ ಯಶಸ್ಸು ಗಳಿಸಿತೆಂಬುದು ಅವರ ದುಃಖವನ್ನು ಕಡಮೆ ಮಾಡಿತೋ ಹೆಚ್ಚಿಸಿತೋ ನಾನರಿಯೆ. ಮುಂದೆ ಶಂಕರನಾಗ್ ಅವರು ದೂರದರ್ಶನಕ್ಕಾಗಿ ‘ಮಾಲ್ಗುಡಿ ಡೇಸ್’ ಮಾಡುವಾಗ ಆಗುಂಬೆಯನ್ನೂ, ರೈಲಿನ ದೃಶ್ಯಗಳಿಗಾಗಿ ಶಿವಮೊಗ್ಗ–ತಾಳಗುಪ್ಪ ಹಾದಿಯ ಅರಸಾಳು ನಿಲ್ದಾಣವನ್ನೂ ಆರಿಸಿಕೊಂಡು ಮಾಲ್ಗುಡಿಯನ್ನು ಸ್ವದೇಶಕ್ಕೆ ಕರೆತಂದರು. ಅರಸಾಳಿನ ಹಳೆಯ ನಿಲ್ದಾಣವನ್ನು 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿದ್ದಾರೆ. ತರೀಕೆರೆಯಲ್ಲಿ ಗಾಡಿ ಹತ್ತಿದವನು ಇಲ್ಲದ ಊರೊಂದರಲ್ಲಿ ಇಳಿಯಬಹುದಾದ ಸೌಕರ್ಯವು ಹೀಗೆ ನಮ್ಮ ಸೀಮೆಯವರಿಗೆ ದೊರೆತಿದೆ. ಟಿಕೆಟ್ಟನ್ನು ಮಾತ್ರ ಅರಸಾಳಿಗೇ ಕೇಳಬೇಕು.

ಊರಿನ ಹೆಸರಿನ ಮಾತು ಬಂದುದರಿಂದ ಹೇಳುತ್ತೇನೆ: ಕಡೂರಿನವರಿಗೆ ಲೇಖಕರ ಈ ಬಗೆಯ ಸಂಕಟವು ಬೇಗ ಅರ್ಥವಾಗುತ್ತದೆ. ಇಡೀ ಜಿಲ್ಲೆಯು ಒಂದು ಕಾಲಕ್ಕೆ ಕಡೂರು ಜಿಲ್ಲೆಯೆಂದೇ ಪ್ರಸಿದ್ಧವಾಗಿತ್ತು. 1947ರಲ್ಲಿ ಚಿಕ್ಕಮಗಳೂರು ಜಿಲ್ಲೆಯಾಯಿತು. ಕಥೆ ಅದೇ, ಪಾತ್ರವರ್ಗ ಅದೇ, ಶೀರ್ಷಿಕೆ ಮಾತ್ರ ಬದಲು.

ಇನ್ನು ಚಿತ್ರಗಳಲ್ಲಿ ಬರೆದ ಕಾದಂಬರಿಗಳು. ಇವುಗಳ ಪರಿಚಯವನ್ನು ನನಗೆ ಮಾಡಿಸಿದ್ದು ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ತಂಗಿಯ ಮೊಮ್ಮಗಳು. ಆರ್ಟ್ ಸ್ಪೀಗಲ್ಮನ್ ಎಂಬಾತನ ‘ಮೌಸ್’ ಎಂಬ ಗ್ರಂಥವನ್ನು ಅವಳು ರಜೆಯಲ್ಲಿ ತಂದು ಜಗಲಿಯ ಮೇಲೆ ಬಿಟ್ಟಿದ್ದಳು. ಹಿಟ್ಲರನ ಕಾಲದಲ್ಲಿ ಯೆಹೂದಿಯರು ಪಟ್ಟ ಯಾತನೆಯನ್ನು ಯೆಹೂದಿಯರನ್ನು ಇಲಿಗಳಾಗಿಯೂ ಜರ್ಮನರನ್ನು ಬೆಕ್ಕುಗಳಾಗಿಯೂ ಬರೆದು ತೋರಿಸಿದ ಆ ಕೃತಿಗೆ 1992ರಲ್ಲಿ ಪುಲಿಟ್ಜರ್ ಪುರಸ್ಕಾರ ಸಂದಿದೆ. ಪಕ್ಕದ ಮನೆಯ ಹಿರಿಯರು ಅದನ್ನು ಪಂಚತಂತ್ರವೆಂದು ಭಾವಿಸಿ ಕೈಗೆತ್ತಿಕೊಂಡರು, ಸಂಜೆಯವರೆಗೆ ಕೆಳಗಿಡಲಿಲ್ಲ. ಹಿಂದಿರುಗಿಸುವಾಗ ಅವರು ಮಾತನಾಡದೆ ಒಳಗೆ ಹೋದುದನ್ನು ನೋಡಿ, ಚಿತ್ರಪುಸ್ತಕವು ಮಕ್ಕಳ ಸೊತ್ತೆಂಬ ನನ್ನ ಶಂಕೆಯು ತಾನಾಗಿ ನಿವಾರಣೆಯಾಯಿತು.

ಹುಡುಗಿಯು ಇದೆಲ್ಲ ಹೊಸ ಕಾಲದ ಕಲೆಯೆಂದು ನನಗೆ ವಿವರಿಸಹೊರಟಾಗ ಮಾತ್ರ ನನ್ನ ಊರಭಿಮಾನವು ಜಾಗೃತವಾಯಿತು. ಮೊದಲನೆಯದಾಗಿ, ದೇಶವೆಲ್ಲ ಕೊಂಡಾಡಿದ ‘ಅಮರ ಚಿತ್ರ ಕಥೆ’ಯು ಮೊದಲು ಮಾತನಾಡಿದ ಭಾಷೆ ಕನ್ನಡ. ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರು 1965ರಲ್ಲಿ ಸಿಂಡ್ರೆಲಾ ಮುಂತಾದ ಪಾಶ್ಚಾತ್ಯ ಕಥೆಗಳನ್ನು ಕನ್ನಡದ ಚಿತ್ರಪುಸ್ತಕಗಳಾಗಿ ಹೊರತಂದರು. ಆ ಹತ್ತು ಪುಸ್ತಕಗಳು ಮೊದಲ ಸಂಖ್ಯೆಗಳನ್ನು ಆಕ್ರಮಿಸಿಕೊಂಡಿದ್ದುದರಿಂದಲೇ ಅನಂತ ಪೈ ಅವರ ‘ಕೃಷ್ಣ’ನು ಹನ್ನೊಂದನೆಯವನಾಗಿ ಅವತರಿಸಬೇಕಾಯಿತು. ಎರಡನೆಯದಾಗಿ, ಚಿತ್ರಕಾದಂಬರಿಯೆಂಬುದು ತರೀಕೆರೆ ತಾಲ್ಲೂಕಿಗೆ 1196ರಷ್ಟು ಹಿಂದೆಯೇ ಬಂದಿದೆ.

ಆ ತಾಲ್ಲೂಕಿನ ಅಮೃತಾಪುರದ ಅಮೃತೇಶ್ವರ ದೇವಾಲಯವನ್ನು ಎರಡನೆಯ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು ಕಟ್ಟಿಸಿದನು. ಅಲ್ಲಿನ ಶಾಸನದ ಪದ್ಯಗಳು ಜನ್ನಕವಿಯ ರಚನೆ. ಮುಂದೆ ಹೆಸರಾಂತ ಶಿಲ್ಪಿಯಾದ ರೂವಾರಿ ಮಲ್ಲಿತಮ್ಮನು ಕೈಪಳಗಿಸಿಕೊಂಡದ್ದು ಈ ಗುಡಿಯ ಮಂಟಪದ ಭುವನೇಶ್ವರಿಗಳಲ್ಲಿ. ಹೊರಗೋಡೆಯ ಮೇಲೆ ನೂರನಲವತ್ತು ಚೌಕಗಳಲ್ಲಿ ಕಥೆಯನ್ನು ಕೆತ್ತಿದ್ದಾರೆ. ಉತ್ತರದ ಕಡೆ ಭಾಗವತದ ಕೃಷ್ಣಲೀಲೆಗೆ ಇಪ್ಪತ್ತೈದು, ಮಹಾಭಾರತಕ್ಕೆ ನಲವತ್ತೈದು. ದಕ್ಷಿಣದ ಕಡೆ ರಾಮಾಯಣವೊಂದಕ್ಕೇ ಎಪ್ಪತ್ತು. ಒಂದೊಂದು ಚೌಕವೂ ಒಂದೊಂದು ಘಟನೆ. ಮಾತಿಲ್ಲ, ಹೊಗೆಯ ಸುರುಳಿಯಂತೆ ಬಾಯಿಂದ ಹೊರಡುವ ಸಂಭಾಷಣೆಯ ಗುಳ್ಳೆಯೂ ಇಲ್ಲ. ಇದಕ್ಕಿಂತಲೂ ಸ್ವಾರಸ್ಯವಾದ ಸಂಗತಿಯೆಂದರೆ, ಉತ್ತರದ ಕಥೆಗಳು ಪ್ರದಕ್ಷಿಣಾಕ್ರಮದಲ್ಲಿಯೇ ಸಾಗಿದರೆ, ರಾಮಾಯಣವು ಅಪ್ರದಕ್ಷಿಣವಾಗಿ ಸಾಗುತ್ತದೆ. ಭಕ್ತಿಯಿಂದ ಪ್ರದಕ್ಷಿಣೆ ಬರುವವನಿಗೆ ಕಥೆಯ ಕೊನೆಯೇ ಮೊದಲು ಎದುರಾಗಿ, ಅವನು ಒಂದೊಂದೇ ಚೌಕವನ್ನು ದಾಟುತ್ತ ಆರಂಭದ ಕಡೆಗೆ ಹಿಂಬರಬೇಕು. ಕಥೆಯನ್ನು ಸರಿಯಾಗಿ ಓದಬೇಕೆಂಬವನು ದೇವರಿಗೆ ಎಡಸುತ್ತು ಬರುವ ದೋಷಕ್ಕೆ ಸಿದ್ಧನಾಗಬೇಕು. ನಾನು ಇದನ್ನು ಹುಡುಗಿಗೆ ತೋರಿಸಿದಾಗ ಅವಳು ಬಹಳ ಸಂತೋಷಪಟ್ಟು, ಉತ್ತರದ ಗೋಡೆಯ ಕಥೆಗಳಂತೆ ಜಪಾನಿನ ಚಿತ್ರಕಥೆಗಳನ್ನು ಕೂಡ ಬಲದಿಂದ ಎಡಕ್ಕೇ ಓದಬೇಕೆಂದು ತಿಳಿಸಿದಳು. ಹೊಯ್ಸಳ ಶಿಲ್ಪಿಗೂ ಜಪಾನಿನ ಚಿತ್ರಕಾರನಿಗೂ ಸಂಬಂಧ ಕಲ್ಪಿಸುವ ಸಂಶೋಧನೆಯನ್ನು ನಾನು ಅಧಿಕಾರವುಳ್ಳ ಆ ಎರಡು ವರ್ಗಗಳವರಿಗೇ ಬಿಟ್ಟುಕೊಟ್ಟಿದ್ದೇನೆ.

ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಇಪ್ಪತ್ತನಾಲ್ಕು ಸಾವಿರ ಶ್ಲೋಕಗಳ ಕಾವ್ಯವನ್ನು ಎಪ್ಪತ್ತು ಚೌಕಗಳಿಗೆ ಇಳಿಸುವಾಗ ಆ ಶಿಲ್ಪಿಯು ಬಿಟ್ಟದ್ದೆಷ್ಟು! ಎಂಟುನೂರು ವರ್ಷಗಳಿಂದ ಜನ ನೋಡುತ್ತಿದ್ದಾರೆ. ವಾಲ್ಮೀಕಿಗೆ ಅನ್ಯಾಯವಾಯಿತೆಂದು ತರೀಕೆರೆಯಲ್ಲಿ ಯಾರೂ ಸಭೆ ಸೇರಿದ್ದನ್ನು ನಾನು ಕೇಳಿಲ್ಲ. ಪಂಪನಾದರೋ ಇನ್ನೂ ಮುಂದೆ ಹೋಗಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಕೊಟ್ಟನು. ಉಳಿದ ನಾಲ್ವರ ಪಾಡೇನೆಂದು ವ್ಯಾಸರು ಕೇಳಿದ್ದರೆ ಪಂಪನು ತನ್ನ ಆಶ್ರಯದಾತನಾದ ಅರಿಕೇಸರಿಯ ಕಡೆಗೆ ಬೆರಳು ತೋರಿಸುತ್ತಿದ್ದನೋ ಏನೋ. ನಿರ್ಮಾಪಕರ ಒತ್ತಾಯವೆಂಬ ಸಮಾಧಾನವು ಹತ್ತನೆಯ ಶತಮಾನದಲ್ಲಿಯೂ ಚಲಾವಣೆಯಲ್ಲಿದ್ದಿರಬೇಕು.

ಮಾರ್ಪಾಡಿನ ವಿದ್ಯೆಯನ್ನು ನನಗೆ ಕಲಿಸಿದ್ದು ಮಾತ್ರ ಪಂಪನಲ್ಲ, ಬಾಡಿಗೆ ಪುಸ್ತಕದಂಗಡಿ. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿ ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನು ಆ ದಿನಗಳಲ್ಲಿ ನಮ್ಮ ತಾಲ್ಲೂಕುಗಳ ತಹಶೀಲ್ದಾರರಿಗಿಂತ ಹೆಚ್ಚು ಜನಪ್ರಿಯನಾಗಿದ್ದನು. ಆದರೆ ಹತ್ತಾರು ಕೈ ಬದಲಾಯಿಸಿ ಬರುತ್ತಿದ್ದ ಆ ಪುಸ್ತಕಗಳಲ್ಲಿ ಕೊನೆಯ ಎಲೆಯು ಇರುವುದು ಅಪೂರ್ವ. ಕೊಲೆಗಾರನಾರೆಂದು ನಾನೇ ತೀರ್ಮಾನಿಸಿ ಮಲಗಬೇಕಾಗುತ್ತಿತ್ತು. ನನಗೆ ಆಗದವರ ಛಾಯೆಯುಳ್ಳ ಪಾತ್ರವನ್ನು ಹುಡುಕಿ ಅದಕ್ಕೆ ಜೀವಾವಧಿ ಶಿಕ್ಷೆ ವಿಧಿಸುತ್ತಿದ್ದೆನು. ಅನಂತರ ಬೇರೊಂದು ಪ್ರತಿಯಲ್ಲಿ ನಿಜವಾದ ಮುಕ್ತಾಯವು ಸಿಕ್ಕಿದಾಗ ಅದು ನನ್ನದಕ್ಕಿಂತ ಪೇಲವವೆಂದು ಅನೇಕ ಬಾರಿ ಅನಿಸಿದೆ.

ಇಷ್ಟಾಗಿಯೂ ಚಿತ್ರವಾಗಬಾರದೆಂದು ನಾನು ಪಟ್ಟುಹಿಡಿಯುವ ಕಥೆಯೊಂದಿದೆ. ‘ಆನಂದ’ ಎಂಬ ಕಾವ್ಯನಾಮದ ಅಜ್ಜಂಪುರ ಸೀತಾರಾಮ್ ಅವರ ‘ನಾನು ಕೊಂದ ಹುಡುಗಿ’. ಊರೂರು ಅಲೆಯುವ ವಿದ್ಯಾವಂತನೊಬ್ಬನು ಹಳ್ಳಿಯ ಪಟೇಲರ ಮನೆಯಲ್ಲಿ ಉಳಿಯುತ್ತಾನೆ. ದೇವರ ಹೆಸರಿನಲ್ಲಿ ಬಸವಿ ಬಿಟ್ಟ ಆ ಮನೆಯ ಮಗಳು ತನ್ನ ಬಾಳಿನಲ್ಲಿ ತಪ್ಪಿದೆಯೆಂದು ಅರಿಯದೆಯೇ ನಗುನಗುತ್ತ ಓಡಾಡುತ್ತಿರುತ್ತಾಳೆ. ಅವನು ಒಳ್ಳೆಯ ಮನಸ್ಸಿನಿಂದಲೇ ನಾಲ್ಕು ಬುದ್ಧಿಮಾತು ಹೇಳುತ್ತಾನೆ. ಅವಳು ಬಾವಿಗೆ ಬೀಳುತ್ತಾಳೆ. ತೆರೆಯ ಮೇಲೆ ತಂದರೆ ಆ ಹುಡುಗಿ ಕಾಣಿಸುತ್ತಾಳೆ, ಬಾವಿ ಕಾಣಿಸುತ್ತದೆ, ವಾದ್ಯಗಳು ಮೊಳಗುತ್ತವೆ. ‘ನಾನು’ ಎಂಬವನು ಮಾತ್ರ ಯಾರೋ ಒಬ್ಬ ನಟನಾಗಿ ದೂರ ನಿಂತುಬಿಡುತ್ತಾನೆ. ಓದುವಾಗ ಹಾಗೆ ತಪ್ಪಿಸಿಕೊಳ್ಳುವುದಕ್ಕೆ ಅವಕಾಶವಿಲ್ಲ; ಪುಸ್ತಕವನ್ನು ಹಿಡಿದವನೇ ‘ನಾನು’ ಆಗಬೇಕು. ತಾನು ಒಳ್ಳೆಯವನೆಂಬ ನಂಬಿಕೆಯಿಂದ ಯಾರಿಗಾದರೂ ಎಂದಾದರೂ ಉಪದೇಶ ಮಾಡಿದವನು ಆ ಕಥೆಯನ್ನು ಸುಖವಾಗಿ ಓದಿ ಮುಗಿಸಲಾರನು. ಅಜ್ಜಂಪುರದ ಹೆಸರನ್ನು ಈರುಳ್ಳಿಗಿಂತ ದೂರ ಒಯ್ದವರು ಸೀತಾರಾಮ್ ಎಂಬುದು ನನ್ನ ಖಚಿತ ಮತ, ಮಾರುಕಟ್ಟೆಯವರು ಒಪ್ಪುವುದಿಲ್ಲ.

ಓದುಗನೇ ನಿರ್ದೇಶಕನೆಂಬ ನನ್ನ ಪ್ರಮೇಯವು ಈಚೆಗೆ ಅಕ್ಷರಶಃ ಸತ್ಯವಾಗುವ ಹಂತಕ್ಕೆ ಬಂದಿದೆ. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿ ಬಾಳಿದ ತೇಜಸ್ವಿಯವರ ಕಥೆಯಿಂದ ಹುಟ್ಟಿ 2023ರಲ್ಲಿ ಬಿಡುಗಡೆಯಾದ ‘ಡೇರ್‌ಡೆವಿಲ್ ಮುಸ್ತಫಾ’ ಚಿತ್ರಕ್ಕೆ ಅವರ ಅಭಿಮಾನಿಗಳೇ ಹಣ ಕೂಡಿಸಿ ನಿರ್ಮಾಪಕರಾದರು. ಇನ್ನು ಮೇಲೆ ಚಿತ್ರಮಂದಿರದ ಬಾಗಿಲಲ್ಲಿ ಗೊಣಗುವುದೂ ಕಷ್ಟವೇ.

ಕಾದಂಬರಿಯು ಚಿತ್ರವಾಗುವುದರಿಂದ ಆಗುವ ನಿರ್ವಿವಾದವಾದ ಪ್ರಯೋಜನವೆಂದರೆ, ಅಲ್ಲಿಯವರೆಗೆ ಪುಸ್ತಕದ ಕಡೆಗೆ ತಿರುಗಿ ನೋಡದವರು ಅದನ್ನು ಕೇಳಿಕೊಂಡು ಬರುತ್ತಾರೆ. ಅಂಗಡಿಗೆ ಹೋಗುವುದಿಲ್ಲ, ನನ್ನಂಥವರ ಮನೆಗೆ ಬರುತ್ತಾರೆ. ದೂರದರ್ಶನದಲ್ಲಿ ಹಳೆಯ ಚಿತ್ರವೊಂದು ಬಂದ ಮರುದಿನ ನಾನು ಕಪಾಟಿಗೆ ಬೀಗ ಹಾಕುವುದನ್ನು ರೂಢಿಸಿಕೊಂಡದ್ದು ಇದರಿಂದಲೇ. ಆದರೂ ‘ಹಂಸಗೀತೆ’ಯ ನನ್ನ ಪ್ರತಿಯು ತರೀಕೆರೆಯ ದಿನಗಳಲ್ಲಿ ಯಾರದೋ ಕೈ ಸೇರಿ ಇನ್ನೂ ಹಿಂದಿರುಗಿಲ್ಲ. ರಟ್ಟಿನ ಮೇಲೆ ಕಾಫಿ ಲೋಟದ ಗುರುತಿದೆ, ಒಳಗೆ ಬೀರೂರಿನಿಂದ ಅಜ್ಜಂಪುರಕ್ಕೆ ಕೊಂಡ ಟಿಕೆಟ್ಟೊಂದಿದೆ. ಒಯ್ದವರು ದಯಮಾಡಿ ಹಿಂದಿರುಗಿಸಬೇಕು. ಟಿಕೆಟ್ಟು ಇರುವ ಪುಟದಿಂದ ಮುಂದೆ ನಾನು ಓದುವುದು ಬಾಕಿಯಿದೆ.